ಲಾರಿಯ ತಂಪೂ ಡೀಸೆಲಿನ ಲೆಕ್ಕವೂ

(ವಾಚನಾಲಯದಲ್ಲಿ ಮಾಡಿದ ಭಾಷಣ)



2025ನೆಯ ಇಸವಿ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ನು ಮೀರಿದ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಇರತಕ್ಕದ್ದೆಂದು ಕೇಂದ್ರ ಸರಕಾರವು 2023ರಲ್ಲಿ ವಿಧಿಸಿತು. ಬಿಸಿಲಿನಲ್ಲಿ, ಎಂಜಿನಿನ ಕಾವಿನಲ್ಲಿ ದಿನವಿಡೀ ದುಡಿಯುವವನಿಗೆ ಅದು ಭೋಗವಲ್ಲ, ಅವಶ್ಯಕತೆ. ಆದರೆ ತಂಪು ಪುಕ್ಕಟೆಯಾಗಿ ಬರುವುದಿಲ್ಲ. ಡೀಸೆಲು ಹೆಚ್ಚು ತಗಲಿತೆಂದು ಮಾಲಿಕನು ಗೊಣಗಿದರೆ ಚಾಲಕನು ಗುಂಡಿಯನ್ನು ಆರಿಸಿಯೇಬಿಡುವನು. ಆಗ ಕಾಯಿದೆಯಿದ್ದೂ ಫಲವೇನು? ಕಡಿಮೆ ಇಂಧನದಲ್ಲಿ ಅದೇ ತಂಪನ್ನು ಪಡೆಯುವುದೆಂತು ಎಂಬುದನ್ನೇ ನಾವು ಇಂದು ವಿಚಾರಿಸೋಣ.

ಯಂತ್ರದ ಕ್ರಮ ಹೀಗಿದೆ. ಕೋಣೆಯ ಕಡೆಯ ಸುರುಳಿಯಲ್ಲಿ ಒಂದು ದ್ರವವು ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಎಂಜಿನಿನಿಂದ ತಿರುಗುವ ಕಂಪ್ರೆಸರು ಆ ಆವಿಯನ್ನು ಒತ್ತುತ್ತದೆ. ಹೊರಗಿನ ಸುರುಳಿಯಲ್ಲಿ ಅದು ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. 4 ಕಿಲೋವಾಟ್ ಶಾಖವನ್ನು ಹೊರಹಾಕಲು 2 ಕಿಲೋವಾಟ್ ಶಕ್ತಿ ಬೇಕೆಂದು ಇಟ್ಟುಕೊಳ್ಳೋಣ. ಒಳಗೆ ಬರುವ ಶಾಖವನ್ನೇ 1 ಕಿಲೋವಾಟ್ ತಗ್ಗಿಸಿದರೆ ಸುಮಾರು ಅರ್ಧ ಕಿಲೋವಾಟ್ ಉಳಿಯಿತು.

ಆ ಶಾಖವು ಬರುವುದೆಲ್ಲಿಂದ? ಗಾಜಿನಿಂದ, ಮಾಡಿನಿಂದ, ಎಂಜಿನಿನಿಂದ, ಆಳೊಬ್ಬನ ಮೈಯಿಂದ ಸುಮಾರು 100 ವಾಟ್, ಹೊರಗಾಳಿಯಿಂದಲೂ ಬರುತ್ತದೆ. ಮುಂಬಯಿ, ಚೆನ್ನೈಗಳಲ್ಲಿ ಗಾಳಿಯ ತೇವವನ್ನು ನೀರಾಗಿ ಇಳಿಸುವುದಕ್ಕೂ ಬಹಳ ಶಕ್ತಿ ವ್ಯಯವಾಗುತ್ತದೆ. ದೆಹಲಿಯ ಮೇ ತಿಂಗಳಲ್ಲಿ ಒಣ ಝಳವೇ ದೊಡ್ಡ ವೈರಿ. ಊರಿಗೊಂದು ಲೆಕ್ಕ.

ಪ್ರತಿಯೊಂದು ಉಪಾಯವನ್ನೂ ಲಾರಿ ಕಟ್ಟಿ, ಬಿಸಿಕೋಣೆಯಲ್ಲಿ ನಿಲ್ಲಿಸಿ ಪರೀಕ್ಷಿಸುವುದು ದುಬಾರಿ. ಆದುದರಿಂದ ಎಂಜಿನಿಯರರು ಗಣಕಯಂತ್ರದೊಳಗೆ ಲೆಕ್ಕದ ಲಾರಿಯೊಂದನ್ನು ಕಟ್ಟುತ್ತಾರೆ. ಅಮೆರಿಕದ ಕೊಲೊರಾಡೊದಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯವೊಂದು ಇದಕ್ಕಾಗಿ ಕೂಲ್‌ಕ್ಯಾಲ್ಕ್, ಕೂಲ್‌ಸಿಮ್ ಎಂಬ ಸಾಧನಗಳನ್ನು ರಚಿಸಿತು. ಮೊದಲನೆಯದು ಕೋಣೆಗೆ ಬರುವ ಶಾಖವನ್ನು ಲೆಕ್ಕ ಹಾಕುತ್ತದೆ. ಎರಡನೆಯದು ಯಂತ್ರ ತಿನ್ನುವ ಶಕ್ತಿಯನ್ನು. ಮಾಡಿಗೆ ಬಿಳಿ ಬಣ್ಣ ಬಳಿದರೆ? ಗೋಡೆಗೆ ಶಾಖ ತಡೆಯುವ ಪದರ ಹಾಕಿದರೆ? ಕಂಪ್ರೆಸರು ಚಿಕ್ಕದಾದರೆ? ಒಳಗಾಳಿಯನ್ನೇ ಮತ್ತೆ ತಿರುಗಿಸಿದರೆ? ಒಂದೊಂದಕ್ಕೂ ಮೇಜಿನ ಮೇಲೆಯೇ ಉತ್ತರ ದೊರೆಯುತ್ತದೆ.

ಎಚ್ಚರಿಕೆಯೂ ಬೇಕು. ಹೊರಗಾಳಿಯನ್ನು ಪೂರ್ತಿ ತಡೆದರೆ ಶಕ್ತಿ ಉಳಿದೀತು; ಆದರೆ ಉಸಿರಿನ ಇಂಗಾಲಾಮ್ಲ ಹೆಚ್ಚಿ ಚಾಲಕನಿಗೆ ಜೊಂಪು ಹತ್ತೀತು. ಕೊನೆಗೆ ನಿಜವಾದ ಲಾರಿಯನ್ನು ಬಿಸಿಲಲ್ಲಿ ಓಡಿಸಿ ಲೆಕ್ಕವನ್ನು ತಾಳೆ ನೋಡಲೇಬೇಕು.

ತಂಪನ್ನು ಕಸಿದು ಡೀಸೆಲು ಉಳಿಸುವುದು ಜಾಣತನವಲ್ಲ. ಪೋಲಾಗುವ ತಂಪನ್ನು ಲೆಕ್ಕದಿಂದ ಹುಡುಕಿ ಉಳಿಸಿದರೆ ಮಾಲಿಕನ ಹಣವೂ ಉಳಿದೀತು, ಚಾಲಕನ ಮೈಯೂ ಉಳಿದೀತು.