ಮಕ್ಕಳ ಗಾಡಿಯೂ ನಮ್ಮ ಸಂಘದ ಜವಾಬ್ದಾರಿಯೇ
(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎಲ್ಲರೂ ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಹೇಳಿದರು. ಬಹಳ ಸಂತೋಷ. ನಾವು ಬೇರೆ ಒಂದು ಲೆಕ್ಕ ಹೇಳಬೇಕೆಂದು ನಿಂತಿದ್ದೇವೆ. ನಾವು ಓದಿರುವುದು ಎಸ್ಸೆಸ್ಸೆಲ್ಸಿ ಅಷ್ಟೆ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೆಳಗ್ಗೆ ನಾವೆಲ್ಲ ಡೈರಿಗೆ ಹಾಲು ಹಾಕಿ ಮನೆಗೆ ಹೊರಡುವ ಹೊತ್ತಿಗೇ ಮದ್ದೂರು, ಮಳವಳ್ಳಿ, ಮಂಡ್ಯದ ಕಡೆಯ ಶಾಲೆಗಳ ಗಾಡಿಗಳು ಊರಿಗೆ ಬರುತ್ತವೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಗಂಡು ಹುಡುಗರಿಗೆ ಪಾಸ್ ಇದೆ. ಆದರೆ ಇಸ್ಕೂಲಿನ ಹೊತ್ತಿಗೆ ಎಲ್ಲ ಊರಿಗೂ ಬಸ್ಸು ಇರಲ್ಲ. ಅದಕ್ಕೇ ಶಾಲೆ ಬಸ್ಸು, ವ್ಯಾನು, ಆಟೋ ಅಂತ ನಂಬಿಕೊಂಡಿದ್ದೇವೆ.

2018ರ ನವೆಂಬರ್ 24ನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಅವತ್ತು ಶನಿವಾರ, ಅರ್ಧ ದಿನದ ಇಸ್ಕೂಲು. ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಹೋದರು. ಅದರಲ್ಲಿ ಇಸ್ಕೂಲು ಮುಗಿಸಿ ಮನೆಗೆ ಊಟಕ್ಕೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ಅವರೂ ತೀರಿಕೊಂಡರು. ಇಡೀ ಜಿಲ್ಲೆಗೆ ಎರಡು ಸೂತಕ ಒಟ್ಟಿಗೆ ಬಂದ ಹಾಗಾಯಿತು. 2023ರಲ್ಲಿಯೂ ಅದೇ ನಾಲೆಗೆ ಕಾರುಗಳು ಬಿದ್ದು ಜನ ಸತ್ತರು. ನಮ್ಮ ಗದ್ದೆಗೆ ಅನ್ನ ಕೊಡುವುದು ಆ ನಾಲೆಯ ನೀರೇ. ಅದರ ಏರಿಯ ಮೇಲೆಯೇ ನಮ್ಮ ಹೈಕ್ಳು ದಿನಾ ಓಡಾಡುತ್ತವೆ.

ಈಗ ನಮ್ಮದೇ ತಪ್ಪು ಒಂದನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಮಗು ಹೋಗುತ್ತಿದ್ದ ವ್ಯಾನು ತಿರುವಿನಲ್ಲಿ ಗದ್ದೆಗೆ ಇಳಿಯಿತು. ಎಂಟು ಜನ ಕೂರುವ ಗಾಡಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ದೇವರ ದಯೆ, ಪ್ರಾಣ ಹೋಗಲಿಲ್ಲ. ಒಂದು ಹೆಣ್ಣುಮಗುವಿನ ಕೈ ಮುರಿಯಿತು. ನಾವು ಓಡಿಹೋಗಿ ಡ್ರೈವರ್ ಹುಡುಗನ ಕೊರಳಪಟ್ಟಿ ಹಿಡಿದೆವು. ಅವನು ಅಳುತ್ತಾ ಹೇಳಿದ: "ಅಣ್ಣಾ, ರಾತ್ರಿಯೆಲ್ಲಾ ಕಬ್ಬಿನ ಲಾರಿ ಓಡಿಸಿ ಬಂದೆ, ಕಣ್ಣು ಮುಚ್ಚೋಯ್ತು. ಎಂಟೇ ಹೈಕ್ಳು ಕೂರಿಸಿದ್ರೆ ಪೆಟ್ರೋಲಿಗೂ ಆಗಲ್ಲ. ತಿಂಗಳಿಗೆ ನೂರು ರೂಪಾಯಿ ಜಾಸ್ತಿ ಕೊಡಿ ಅಂದಾಗ ನೀವೇ ಅಲ್ವಾ ಬೇರೆ ಗಾಡಿ ನೋಡ್ಕೋತೀವಿ ಅಂದದ್ದು?"

ಹಿಡಿದ ಕೈ ತಾನೇ ಸಡಿಲವಾಯಿತು. ಆ ಮಾತು ನಾವೇ ಆಡಿದ್ದು. ನಿದ್ದೆಗೆಟ್ಟು ಗಾಡಿ ಹತ್ತಿದ್ದು ಅವನ ತಪ್ಪು, ಇಲ್ಲ ಅನ್ನುವುದಿಲ್ಲ. ಅವನನ್ನು ಆ ಸ್ಥಿತಿಗೆ ತಂದದ್ದರಲ್ಲಿ ನಮ್ಮ ಪಾಲೂ ಇತ್ತು.

ಕಾನೂನು ಇಲ್ಲ ಅಂತಲ್ಲ. 1997ರ ನವೆಂಬರಿನಲ್ಲಿ ದೆಹಲಿಯಲ್ಲಿ ಶಾಲಾ ಬಸ್ಸು ಯಮುನಾ ನದಿಗೆ ಬಿದ್ದು 28 ಮಕ್ಕಳು ತೀರಿಕೊಂಡರು. ಆಮೇಲೆ ಸುಪ್ರೀಂ ಕೋರ್ಟು ಆದೇಶ ಕೊಟ್ಟಿತು. ನಮ್ಮ ರಾಜ್ಯದಲ್ಲಿಯೂ 2012ರಲ್ಲಿ ಶಾಲಾ ವಾಹನಕ್ಕೆ ಪ್ರತ್ಯೇಕ ನಿಯಮ ಬಂತು. ಹಳದಿ ಬಣ್ಣ, ಹಿಂದೆ ಮುಂದೆ ಶಾಲಾ ವಾಹನ ಅನ್ನುವ ಬರಹ, ಸ್ಪೀಡ್ ಗವರ್ನರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಸರಿಯಾಗಿ ಬೀಗ ಬೀಳುವ ಬಾಗಿಲು, ಮಕ್ಕಳನ್ನು ಹತ್ತಿಸಿ ಇಳಿಸಲು ಒಬ್ಬರು ಆಯಾ ಇರಬೇಕು. ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಸಾಗಿಸಿ ಹೆಚ್ಚುಕಮ್ಮಿ ಆದರೆ ವಿಮೆ ಕಂಪನಿಯವರು ತಕರಾರು ತೆಗೆಯುತ್ತಾರೆ. ಆಮೇಲೆ ಕೋರ್ಟು ಕಚೇರಿ ಅಲೆಯುವವರು ನಾವೇ.

ಸ್ವಾಮಿ, ಡೈರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ನೋಡದೆ, ಫ್ಯಾಟ್ ಪರೀಕ್ಷೆ ಮಾಡದೆ ಒಂದು ಲೀಟರ್ ಹಾಲು ಅಳೆದುಕೊಳ್ಳುವುದಿಲ್ಲ. ಹೆತ್ತ ಮಗುವನ್ನು ಮಾತ್ರ ಟೈರು ಸವೆದಿದೆಯೋ, ಎಫ್.ಸಿ. ಆಗಿದೆಯೋ ಅಂತ ಕೇಳದೆ ಹತ್ತಿಸಿ ಕಳಿಸುತ್ತೇವೆ. ಇದು ಯಾವ ನ್ಯಾಯ?

ಆದ್ದರಿಂದ ಸಂಘದ ಮುಂದೆ ನಮ್ಮ ಕೆಲವು ಸಲಹೆಗಳಿವೆ. ಮೊದಲನೆಯದು, ಹಾಲು ಹಾಕುವ ಹೊತ್ತಿನಲ್ಲಿ ಡೈರಿ ಮುಂದಿನ ರಸ್ತೆಯಲ್ಲಿ ಬೈಕು, ಕ್ಯಾನು ಅಡ್ಡ ಇಡಬಾರದು. ಮಕ್ಕಳು ರಸ್ತೆಯಲ್ಲಿ ನಿಲ್ಲದೆ ನಮ್ಮ ಸಂಘದ ಅಂಗಳದಲ್ಲಿ ನಿಂತು ಗಾಡಿ ಹತ್ತಲಿ. ಮಕ್ಕಳ ಗಾಡಿ ಹೋಗುವವರೆಗೆ ಹಾಲಿನ ಲಾರಿ ಹಿಂದಕ್ಕೆ ತೆಗೆಯಬಾರದು.

ಎರಡನೆಯದು, ಪ್ರತಿ ಜೂನ್ ತಿಂಗಳಲ್ಲಿ ಪೋಷಕರು ನಾಲ್ಕು ಜನ ಸೇರಿ ಊರಿಗೆ ಬರುವ ಗಾಡಿಗಳ ಎಫ್.ಸಿ., ವಿಮೆ, ಡ್ರೈವರ್ ಲೈಸೆನ್ಸ್ ನೋಡಬೇಕು. ಜಗಳಕ್ಕಲ್ಲ, ಸ್ನೇಹದಿಂದ. ಸೀಟಿಗೆ ತಕ್ಕಷ್ಟೇ ಮಕ್ಕಳು, ಅದಕ್ಕೆ ತಕ್ಕ ಬಾಡಿಗೆ ಎಂದು ಕೂತು ಮಾತಾಡಿ ತೀರ್ಮಾನ ಮಾಡೋಣ. ಏಪ್ರಿಲ್, ಮೇ ರಜದಲ್ಲಿ ಡ್ರೈವರಣ್ಣನ ಒಲೆಯೂ ಉರಿಯಬೇಕಲ್ಲ. ಆ ಎರಡು ತಿಂಗಳಿಗೆ ಅರ್ಧವಾದರೂ ಕೊಡೋಣ. ಆಗ "ರಾತ್ರಿ ಬೇರೆ ಬಾಡಿಗೆ ಹೊಡೆಯಬೇಡಪ್ಪಾ" ಅಂತ ಕೇಳುವ ಹಕ್ಕು ನಮಗೆ ಬರುತ್ತದೆ.

ಮೂರನೆಯದು, ಸಂಘ ನಡೆಸುವ ಆರೋಗ್ಯ ಶಿಬಿರಕ್ಕೆ ಡ್ರೈವರುಗಳನ್ನೂ ಆಯಾ ತಾಯಂದಿರನ್ನೂ ಕರೆಯೋಣ. ಕಣ್ಣು, ಬಿ.ಪಿ., ಸಕ್ಕರೆ ನೋಡಿಸೋಣ. ಹಸು ಕಟ್ಟಿರುವವರು ಇದ್ದರೆ ಸಂಘದ ಸದಸ್ಯರಾಗಿ ಮಾಡಿಕೊಳ್ಳೋಣ. ನಿಂತುಹೋಗಿದ್ದ ಯಶಸ್ವಿನಿ ಯೋಜನೆ 2023ರ ಜನವರಿಯಿಂದ ಮತ್ತೆ ಶುರುವಾಗಿದೆ, ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ ಅದು ಸಿಗುತ್ತದೆ. ಖಾಸಗಿ ವಾಣಿಜ್ಯ ವಾಹನದ ಚಾಲಕರಿಗೆ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆಯೂ ಇದೆ. ಅರ್ಜಿ ಬರೆಯಲು ನಮ್ಮ ಕಾರ್ಯದರ್ಶಿಗಳು ಸಹಾಯ ಮಾಡಲಿ.

ನಾಲ್ಕನೆಯದು, ನಾಲೆ ಏರಿಯ ಮೇಲೆ ತಡೆಗೋಡೆ ಇಲ್ಲದ ಜಾಗಗಳನ್ನು ಗುರುತು ಮಾಡಿ ಗ್ರಾಮ ಪಂಚಾಯಿತಿಗೂ ಕಾವೇರಿ ನೀರಾವರಿ ನಿಗಮಕ್ಕೂ ಸಂಘದ ಲೆಟರ್‌ಹೆಡ್ಡಿನಲ್ಲಿ ಮನವಿ ಕೊಡೋಣ. ಕಬ್ಬು ತುಂಬಿದ ಟ್ರೈಲರನ್ನು ಕತ್ತಲಲ್ಲಿ ರಸ್ತೆ ಮೇಲೆ ಬಿಟ್ಟುಹೋಗುವುದು ನಮ್ಮಲ್ಲೇ ಕೆಲವರು. ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಲು ಏನು ಮಹಾ ಖರ್ಚು?

ತಾಯಂದಿರಲ್ಲಿ ಒಂದು ಮಾತು. ಗಾಡಿ ಐದು ನಿಮಿಷ ತಡವಾದರೆ ಡ್ರೈವರಿಗೆ ಫೋನ್ ಹಚ್ಚಬೇಡಿ. ಅವನು ಒಂದು ಕೈಯಲ್ಲಿ ಫೋನ್ ಹಿಡಿದರೆ ಸ್ಟೇರಿಂಗಿಗೆ ಉಳಿಯುವುದು ಒಂದೇ ಕೈ. ಗಾಡಿ ಬರುವ ಮೊದಲೇ ಮಗುವನ್ನು ಕರೆತಂದು ನಿಲ್ಲಿಸಿ. ಮಕ್ಕಳೂ ಅವರನ್ನು ಅಣ್ಣ, ಅಕ್ಕ ಅಂತ ಮರ್ಯಾದೆಯಿಂದ ಕರೆಯಲಿ.

ಒಬ್ಬನಿಂದ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಅನ್ನುವುದನ್ನು ಇಪ್ಪತ್ತೈದು ವರ್ಷ ಹಾಲಿನಲ್ಲಿ ಮಾಡಿ ತೋರಿಸಿದ್ದೇವೆ. ಮಕ್ಕಳ ವಿಷಯದಲ್ಲಿಯೂ ಮಾಡೋಣ. ಈ ಸಲಹೆಗಳನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಾವೇ ಮಂಡಿಸುತ್ತೇವೆ, ತಾವೆಲ್ಲರೂ ಬೆಂಬಲ ಕೊಡಬೇಕು. ಕೈ ಮುರಿದಿದ್ದ ಆ ಹೆಣ್ಣುಮಗು ಈಗ ಕಾಲೇಜಿಗೆ ಹೋಗುತ್ತಿದೆ, ಇದೇ ಸಭೆಯಲ್ಲಿ ಕುಳಿತಿದೆ. ಅದರ ಮುಖ ನೋಡಿಯಾದರೂ ಇಲ್ಲ ಅನ್ನಬೇಡಿ.



ಜೈ ಸಹಕಾರ, ಜೈ ಕರ್ನಾಟಕ.