ಕತೆ ಬರೆದವರ ಎದುರಿಗೆ ಕೂತ ಮಕ್ಕಳು



ಮಕ್ಕಳಿಗೆ ಕತೆ ಅಂದರೆ ಪ್ರಾಣ. ಮಾತಾಡುವ ಗಿಣಿ, ಹಾರುವ ಕುದುರೆ, ಮಾಯದ ಜೋಗಿ ಬಂದರೆ ಊಟವನ್ನೂ ಮರೀತಾರೆ. ಇಂಥ ಕತೆ ಬರೆಯುವವರೇ ಎದುರಿಗೆ ಸಿಕ್ಕರೆ? ಹಾಗೆ ಸಿಕ್ಕಾಗ ಏನಾಯಿತು ಅಂತ ಇವತ್ತು ಹೇಳ್ತೀನಿ.

ಇಂಗ್ಲೆಂಡಿನಲ್ಲಿ ಒಬ್ಬ ಗಣಿತದ ಮೇಷ್ಟ್ರು ಇದ್ದರು. ಲೂಯಿಸ್ ಕ್ಯಾರಲ್ ಅನ್ನೋ ಹೆಸರಿನಲ್ಲಿ ಬರೀತಿದ್ದರು. 1862ರ ಜುಲೈ 4ರಂದು ಅವರು ಮೂವರು ಅಕ್ಕತಂಗಿಯರನ್ನು ದೋಣಿಯಲ್ಲಿ ಕರಕೊಂಡು ಹೋದರು. ಕತೆ ಹೇಳಿ ಅಂತ ಹುಡುಗಿಯರು ಕೇಳಿದರು. ಮೇಷ್ಟ್ರು ಅಲ್ಲೇ ಒಂದು ಕತೆ ಕಟ್ಟಿದರು. ಒಬ್ಬ ಹುಡುಗಿ ಮೊಲದ ಹಿಂದೆ ಓಡಿ ಬಿಲದೊಳಗೆ ಬೀಳ್ತಾಳೆ. ಒಳಗೆ ಬೇರೆಯದೇ ಲೋಕ!

ಕೇಳಿದವರಲ್ಲಿ ಆಲಿಸ್ ಅನ್ನೋ ಹುಡುಗಿಗೆ 10 ವರ್ಷ. ಈ ಕತೆ ಬರೆದುಕೊಡಿ ಅಂತ ಅವಳು ಕೇಳಿದಳು. ಮೇಷ್ಟ್ರು ಕೈಯಲ್ಲೇ ಬರೆದರು. ಚಿತ್ರಗಳನ್ನೂ ತಾವೇ ಬಿಡಿಸಿದರು. 1864ರಲ್ಲಿ ಅವಳಿಗೆ ಕೊಟ್ಟರು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು! 1865ರಲ್ಲಿ ಪುಸ್ತಕ ಅಚ್ಚಾಯಿತು. ನಾ. ಕಸ್ತೂರಿಯವರು ಅದನ್ನು ಕನ್ನಡಕ್ಕೆ ತಂದರು. ‘ಪಾತಾಳದಲ್ಲಿ ಪಾಪಚ್ಚಿ’ ಅಂತ ಹೆಸರಿಟ್ಟರು.

ಇನ್ನೊಂದು ಕತೆ ನಮಗೆ ಹತ್ತಿರದ್ದು. ತೆಂಗಿನ ಮರ ಹತ್ತಿ ಎಳನೀರಿಗೆ ತೂತು ಹಾಕುವ ಇಲಿಯ ಕಾಟ ನಿಮಗೆ ಗೊತ್ತು. ಇಲಿ ಕಾಟದ ಮೇಲೇ ಒಂದು ಪದ್ಯ ಇದೆ. ಬರೆದವರು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್. ಅವರ ಸ್ನೇಹಿತರ ಮಗ ವಿಲ್ಲಿ ಕಾಯಿಲೆ ಬಿದ್ದಿದ್ದ. ಅವನಿಗೆ ಚಿತ್ರ ಬಿಡಿಸುವ ಆಸೆ. ಅವನು ಚಿತ್ರ ಬಿಡಿಸಲಿ ಅಂತ ಕವಿ ಈ ಪದ್ಯ ಬರೆದುಕೊಟ್ಟರು. 1842ರಲ್ಲಿ ಅದು ಅಚ್ಚಾಯಿತು.

ಕುವೆಂಪು ಅವರು ಅದೇ ಕತೆಯನ್ನು ನಮ್ಮ ನೆಲಕ್ಕೆ ತಂದರು. ಅದೇ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜೋಗಿ ಕಿಂದರಿ ಬಾರಿಸಿದ. ಇಲಿಗಳೆಲ್ಲ ಹೊಳೆ ಪಾಲಾದವು. ಆದರೆ ಊರಿನ ಗೌಡ ಒಪ್ಪಿದ ಹಣ ಕೊಡಲಿಲ್ಲ. ಜೋಗಿ ಮತ್ತೆ ಕಿಂದರಿ ಬಾರಿಸಿದ. ಈ ಸಲ ಊರಿನ ಮಕ್ಕಳೇ ಅವನ ಹಿಂದೆ ಹೋದರು!

ನೋಡಿ, ಒಂದು ಮಗು ಕೇಳಿತು. ಇನ್ನೊಂದು ಮಗು ಹಾಸಿಗೆ ಹಿಡಿದಿತ್ತು. ದೊಡ್ಡವರು ಆ ಮಕ್ಕಳ ಆಸೆಗೆ ಕಿವಿಗೊಟ್ಟರು. ಅದರಿಂದ ಲೋಕಕ್ಕೆಲ್ಲ ಕತೆ ಸಿಕ್ಕಿತು.

ನಮ್ಮಲ್ಲೂ ಅಂಥವರಿದ್ದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ನಾಟಕ, ಕುಣಿತ ಕಲಿಸಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ 3 ಸಂಪುಟ ಬರೆದರು. ಜ್ಞಾನಪೀಠ ಪಡೆದ ಅಷ್ಟು ದೊಡ್ಡ ಸಾಹಿತಿ ಮಕ್ಕಳ ಪಾಲಿಗೆ ಬರೀ ‘ಕಾರಂತಜ್ಜ’!

ಕುವೆಂಪು 1994ರಲ್ಲಿ, ಕಾರಂತರು 1997ರಲ್ಲಿ ತೀರಿಕೊಂಡರು. ಅವರನ್ನು ಇನ್ನು ಪುಸ್ತಕದಲ್ಲೇ ಕಾಣಬೇಕು. ಈಗ ನಿಮಗೆ ಓದಲು ಬರುತ್ತೆ. ಗ್ರಂಥಾಲಯದಿಂದ ಕಿಂದರಿಜೋಗಿ ತನ್ನಿ. ಬೆರಳಿಟ್ಟು ನಿಧಾನವಾಗಿ ಓದಿ. ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕೇಳಲಿ.

ಬರೆಯುವವರು ಬೇರೆ ಲೋಕದವರೇನಲ್ಲ. ದೊಡ್ಡ ವಿದ್ವಾಂಸರಾದ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದ್ದು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ.

ನಮ್ಮಜ್ಜಿ ಒಂದು ಕತೆ ಹೇಳ್ತಿದ್ದಳು. ಏಳು ಸಮುದ್ರದ ಆಚೆ ಒಂದು ಗಿಣಿ. ಗಿಣಿಯಲ್ಲಿ ರಾಕ್ಷಸನ ಪ್ರಾಣ. ಆ ಗಿಣಿಯನ್ನು ರಾಜಕುಮಾರ ಹೇಗೆ ಹಿಡಿದ? ನನಗೆ ನೆನಪಿಲ್ಲ. ಕೇಳೋಣ ಅಂದರೆ ಅಜ್ಜಿ ಇಲ್ಲ. ಅವಳಿಗೆ ಅಕ್ಷರ ಕಲಿಸುವವರು ಯಾರೂ ಇರಲಿಲ್ಲ. ಅವಳ ಜೊತೆ ಕತೆಯೂ ಹೋಯಿತು.

ತಿಪಟೂರು, ತುರುವೇಕೆರೆ ಸೀಮೆಯ ಮನೆಮನೆಯಲ್ಲೂ ಇಂಥ ಕತೆಗಳಿವೆ. ‘ಅಜ್ಜೀ, ಆಮೇಲೆ?’ ಅಂತ ಮೊಮ್ಮಗಳು ಕೇಳುವುದು ನಿಮ್ಮನ್ನೇ. ಅವಳು ಎದುರಿಗೆ ಕಂಡ ಮೊದಲ ಕತೆಗಾರ್ತಿ ನೀವೇ. ಹೇಳಿದ ಕತೆಯನ್ನು ಬರೆದೂ ಇಡಿ.

ಕೈ ನಡುಗುತ್ತೆ, ಒತ್ತು, ದೀರ್ಘ ತಪ್ಪುತ್ತೆ ಅಂತೀರಾ? ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು 10–12 ತಿಂಗಳು ಕಾಯ್ತೀವಿ. ಗಣಿತದ ಮೇಷ್ಟ್ರಿಗೇ ಎರಡು ವರ್ಷ ಬೇಕಾಯಿತು. ನೀವು ದಿನಕ್ಕೆ ಎರಡು ಸಾಲು ಬರೆಯಿರಿ, ಸಾಕು.

ಮುಂದಿನ ವಾರ ಬರುವಾಗ ಒಂದು ಹಾಳೆ ತನ್ನಿ. ಕತೆಯ ಹೆಸರು, ಅದನ್ನು ನಿಮಗೆ ಹೇಳಿದವರ ಹೆಸರು, ಕೆಳಗೆ ನಿಮ್ಮ ಸಹಿ ಇರಲಿ. ಇಲ್ಲೇ ಕೂತು ಎಲ್ಲರೂ ಓದೋಣ. ಮಕ್ಕಳನ್ನೂ ಕರಕೊಂಡು ಬನ್ನಿ.