ಮನೆಯ ಶುಚಿತ್ವ: ದಿನಕ್ಕೊಂದಿಷ್ಟು, ಎಲ್ಲರ ಕೈಯಿಂದ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಎಲ್ಲ ಸ್ಥಿತಿಯಲ್ಲೂ ಅಲ್ಲಾಹನನ್ನು ಭಯಪಟ್ಟು ಬಾಳಿರೆಂದು ಮೊದಲು ನನಗೂ ಆಮೇಲೆ ನಿಮಗೂ ಉಪದೇಶಿಸುತ್ತೇನೆ.

ಸಹೋದರರೇ, ಇಂದಿನ ವಿಷಯ ಮನೆಯ ಶುಚಿತ್ವ. ಇದು ಮಿಂಬರಿನಲ್ಲಿ ಹೇಳುವ ವಿಷಯವೇ, ಹೆಂಗಸರಿಗೆ ಹೇಳಬೇಕಾದದ್ದಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಹಾಗೆ ಅನಿಸುತ್ತದೆ ಎಂಬ ಕಾರಣಕ್ಕೇ ಇದನ್ನು ಗಂಡಸರು ತುಂಬಿರುವ ಈ ಸಫ್‌ಗಳ ಮುಂದೆ ಹೇಳಬೇಕಾಗಿದೆ.

ಶುಚಿತ್ವಕ್ಕೆ ಈಮಾನಿನ ಅರ್ಧದಷ್ಟು ಸ್ಥಾನವಿದೆ ಎಂಬ ಹದೀಸನ್ನು ನಮ್ಮ ಮಕ್ಕಳು ಮದ್ರಸದ ಮೊದಲ ತರಗತಿಗಳಲ್ಲೇ ಕಲಿಯುತ್ತಾರೆ. ಆದರೆ ನಾವು ಅದನ್ನು ವುಝೂವಿನ ನಲ್ಲಿಯ ಬಳಿಯೇ ಬಿಟ್ಟು ಬರುತ್ತೇವೆ. ನಮಾಝ್ ಸಿಂಧುವಾಗಲು ಶರೀರ, ಬಟ್ಟೆ, ನಿಲ್ಲುವ ಜಾಗ ಮೂರೂ ಶುದ್ಧವಾಗಿರಬೇಕು. ನಾವು ಮಸ್ಜಿದ್‌ಗೆ ಬಂದು, ಬೇರೊಬ್ಬರು ಗುಡಿಸಿ ಒರೆಸಿದ ಜಾಗದಲ್ಲಿ ಸುಜೂದ್ ಮಾಡಿ ಹೋಗುತ್ತೇವೆ. ನಮ್ಮ ತಾಯಿ, ಪತ್ನಿ, ಹೆಣ್ಣುಮಕ್ಕಳು ಐದು ಹೊತ್ತೂ ಸುಜೂದ್ ಮಾಡುವುದು ಮನೆಯ ನೆಲದ ಮೇಲೆ. ಅವರಿಗೆ ಅದೇ ಮಸ್ಜಿದ್. ಅಲ್ಲಿ ಮುಸಲ್ಲಾ ಹಾಸಲು ಮೊದಲು ಚಪ್ಪಲಿ, ಆಟಿಕೆ, ಒದ್ದೆ ಟವೆಲುಗಳನ್ನು ಸರಿಸಬೇಕಾದ ಸ್ಥಿತಿ ಇದ್ದರೆ ಅದಕ್ಕೆ ಹೊಣೆ ಯಾರು?

ಸ್ವಲ್ಪವಾದರೂ ನಿರಂತರ

ನಮ್ಮಲ್ಲಿ ಒಂದು ರೂಢಿಯಿದೆ. ಶಅಬಾನ್ ಮುಗಿಯುತ್ತಾ ಬಂದಂತೆ ಮನೆ ಮನೆಗಳಲ್ಲಿ ಜೇಡರ ಬಲೆ ತೆಗೆದು, ಪಾತ್ರೆಗಳನ್ನು ಕೆಳಗಿಳಿಸಿ ಉಜ್ಜಿ, ಪರದೆಗಳನ್ನು ಒಗೆದು, ನೆಲ ತೊಳೆದು ರಮಝಾನನ್ನು ಸ್ವಾಗತಿಸುತ್ತೇವೆ. ಇದು ಒಳ್ಳೆಯ ರೂಢಿ. ಆದರೆ ವರ್ಷದ ಕೊಳೆಯನ್ನು ಒಂದು ವಾರದಲ್ಲಿ ತೆಗೆಯಲು ಹೋಗಿ ಮನೆಯ ಹೆಂಗಸರು ಸೊಂಟ ಹಿಡಿದುಕೊಂಡು ಮೊದಲ ತರಾವೀಹ್‌ಗೆ ನಿಲ್ಲುವಂತಾಗುತ್ತದೆ.

ಕರ್ಮಗಳ ಪೈಕಿ ಅಲ್ಲಾಹನಿಗೆ ಅತ್ಯಂತ ಪ್ರಿಯವಾದುದು, ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವಂಥದ್ದು ಎಂದು ಪ್ರವಾದಿ(ಸ) ಕಲಿಸಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಇದನ್ನು ನಫಿಲ್ ನಮಾಝಿಗೂ ಕುರ್‌ಆನ್ ಪಾರಾಯಣಕ್ಕೂ ಅನ್ವಯಿಸುತ್ತೇವೆ. ಮನೆಗೂ ಅನ್ವಯಿಸಿ ನೋಡೋಣ. ಅಲ್ಲಾಹನು ನಮ್ಮ ದಿನಕ್ಕೆ ಐದು ಗೂಟಗಳನ್ನು ನೆಟ್ಟುಕೊಟ್ಟಿದ್ದಾನೆ. ಒಂದೊಂದು ನಮಾಝಿಗೆ ಐದು ನಿಮಿಷದ ಒಂದೊಂದು ಕೆಲಸವನ್ನು ಕಟ್ಟಿರಿ.

ಫಜ್ರ್‌ಗೆ ಎದ್ದವರು ತಮ್ಮ ಹಾಸಿಗೆಯನ್ನು ತಾವೇ ಮಡಚಲಿ. ಝುಹರ್‌ನ ಹೊತ್ತಿನ ಊಟದ ನಂತರ ಅವರವರ ತಟ್ಟೆ ಅವರವರೇ ತೊಳೆಯಲಿ. ತಟ್ಟೆಯಲ್ಲಿ ಅನ್ನ ಬಿಡದೆ ತಿನ್ನುವುದು ಸುನ್ನತ್; ಹಾಗೆ ಉಂಡ ತಟ್ಟೆ ತೊಳೆಯುವುದೂ ಸುಲಭ. ಅಸರ್ ಆದ ಮೇಲೆ ಹಗ್ಗದ ಮೇಲಿನ ಬಟ್ಟೆ ತಂದು ಅಂದೇ ಮಡಚಿಡಿ. ಕುರ್ಚಿಯ ಮೇಲೆ ರಾಶಿ ಬೀಳುವುದು ಬೇಡ. ಮಗ್ರಿಬ್‌ಗೆ ಮೊದಲು ಮಕ್ಕಳು ತಮ್ಮ ಆಟಿಕೆ, ಪುಸ್ತಕಗಳನ್ನು ಎತ್ತಿಡಲಿ. ಇಶಾ ನಂತರ ಒಲೆಯ ಕಟ್ಟೆ ಒರೆಸಿ, ಪಾತ್ರೆಗಳನ್ನು ಮುಚ್ಚಿ, ಬಾಗಿಲು ಹಾಕಿ, ದೀಪ ಆರಿಸಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ದೀಪ ಆರಿಸಬೇಕು ಎಂಬುದು ಹಝ್ರತ್ ಜಾಬಿರ್(ರ) ವರದಿ ಮಾಡಿದ ಪ್ರವಾದಿವರ್ಯರ(ಸ) ಆದೇಶ. ಮಲಗುವ ಮುನ್ನ ಹಾಸಿಗೆಯನ್ನು ಕೊಡವಬೇಕು ಎಂಬುದೂ ಅವರದೇ ಕಲಿಕೆ. 1,400 ವರ್ಷಗಳ ಹಿಂದೆಯೇ ಮನೆಯ ಇಂಥ ಚಿಕ್ಕ ಕೆಲಸಗಳನ್ನು ಕಲಿಸಿಕೊಟ್ಟ ದೀನ್ ನಮ್ಮದು.

ಪುಟ್ಟ ಮಕ್ಕಳಿರುವ ಮನೆಗೆ ಒಂದು ಮಾತು. ಒಮ್ಮೆ ಹಳ್ಳಿಯ ಅರಬನೊಬ್ಬ ಮಸ್ಜಿದುನ್ನಬವಿಯೊಳಗೆ ಮೂತ್ರ ಮಾಡಿದಾಗ ಜನರು ಗದರಿಸಲು ಎದ್ದರು. ಪ್ರವಾದಿ(ಸ) ಅವರನ್ನು ತಡೆದು, ಆ ಜಾಗದ ಮೇಲೆ ಒಂದು ದೊಡ್ಡ ಬಕೆಟ್ ನೀರು ಸುರಿಯಲು ಹೇಳಿದರು. ಅಂದಿನದು ನೀರು ಹೀರುವ ಮಣ್ಣಿನ ನೆಲ. ನಮ್ಮದು ಟೈಲ್ಸ್. ಮಗು ಮೂತ್ರ ಮಾಡಿದಲ್ಲಿ ಒದ್ದೆ ಬಟ್ಟೆಯಿಂದ ನೇರವಾಗಿ ಒರೆಸಿದರೆ ನಜಸ್ ಇಡೀ ಕೋಣೆಗೆ ಹರಡುತ್ತದೆ. ಮೊದಲು ಒಣ ಬಟ್ಟೆಯಿಂದ ಅದನ್ನು ಹೀರಿಸಿ ತೆಗೆಯಿರಿ, ನಂತರ ಶುದ್ಧ ನೀರು ಸುರಿದು, ಬೇರೆ ಬಟ್ಟೆಯಿಂದ ಒರೆಸಿರಿ. ಆಗಿಂದಾಗಲೇ ಮಾಡಿರಿ, ಮಗುವನ್ನು ಗದರಿಸದೆ ಮಾಡಿರಿ. ಆ ಘಟನೆಯಲ್ಲಿ ಎರಡೂ ಪಾಠಗಳಿವೆ.

ಶುಕ್ರವಾರ ಉಗುರು ಕತ್ತರಿಸಿ, ಸ್ನಾನ ಮಾಡಿ, ಅತ್ತರು ಹಚ್ಚಿ ಬರುತ್ತೇವೆ. ಅದರ ಜೊತೆ ಇನ್ನೊಂದನ್ನು ಸೇರಿಸಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿ, ಅಂಗಳದ ತೆಂಗಿನ ಚಿಪ್ಪು, ಹಳೆಯ ಟೈರುಗಳನ್ನು ವಾರಕ್ಕೊಮ್ಮೆ ನೋಡಿ, ನೀರು ಚೆಲ್ಲಿರಿ. ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಪಾತ್ರೆಗಳನ್ನು ಉಜ್ಜಬೇಕು. ನಮ್ಮ ಅಂಗಳದ ಸೊಳ್ಳೆ ನೆರೆಮನೆಯ ಮಗುವನ್ನು ಕಚ್ಚಿದರೆ ಅದು ನೆರೆಯವನ ಹಕ್ಕಿನ ಪ್ರಶ್ನೆ. ಹಾಗೆಯೇ, ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ. ಮನೆಯೊಳಗಿನ ಕಸವನ್ನು, ಬಳಸಿದ ಡಯಾಪರನ್ನು ಕವರಿನಲ್ಲಿ ಕಟ್ಟಿ ರಸ್ತೆಯ ತಿರುವಿನಲ್ಲೋ ತೋಡಿನಲ್ಲೋ ಎಸೆಯುವವನು ಆ ಶಾಖೆಯನ್ನು ಕಡಿಯುತ್ತಿದ್ದಾನೆ.

ಹೊಣೆ ಯಾರದು?

ಮನೆಯಲ್ಲಿ ಪ್ರವಾದಿ(ಸ) ಏನು ಮಾಡುತ್ತಿದ್ದರು ಎಂದು ಕೇಳಿದಾಗ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ಸಹೀಹ್ ಬುಖಾರಿಯಲ್ಲಿದೆ. ಅವರು ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ನಮಾಝಿನ ಸಮಯವಾದಾಗ ಎದ್ದು ಹೋಗುತ್ತಿದ್ದರು. ತಮ್ಮ ಚಪ್ಪಲಿಯನ್ನೂ ಬಟ್ಟೆಯನ್ನೂ ತಾವೇ ಹೊಲಿದುಕೊಳ್ಳುತ್ತಿದ್ದರೆಂಬ ವರದಿಗಳೂ ಇವೆ. ಮದೀನಾದ ಆಡಳಿತ ಅವರ ಹೆಗಲ ಮೇಲಿತ್ತು. ನಮಗೆ ಅವರಿಗಿಂತ ಹೆಚ್ಚಿನ ಕೆಲಸವಿದೆಯೇ?

ಹಝ್ರತ್ ಫಾತಿಮಾ(ರ) ಬೀಸುವ ಕಲ್ಲಿನಿಂದ ನೊಂದ ಕೈಗಳೊಂದಿಗೆ ಸೇವಕರನ್ನು ಕೇಳಲು ತಂದೆಯ ಬಳಿಗೆ ಹೋದದ್ದು, ಪ್ರವಾದಿ(ಸ) ಅವರಿಗೆ 33 ಸಲ ತಸ್ಬೀಹ್, 33 ಸಲ ತಹ್ಮೀದ್, 34 ಸಲ ತಕ್ಬೀರ್ ಕಲಿಸಿದ್ದು ನಿಮಗೆಲ್ಲ ಗೊತ್ತು. ಇದನ್ನು ಹೇಳಿ ಹೆಂಗಸರು ದಣಿವನ್ನು ಸಹಿಸಬೇಕು ಎನ್ನುವವರಿದ್ದಾರೆ. ಆದರೆ ಗಮನಿಸಿ, ಇದನ್ನು ವರದಿ ಮಾಡಿದವರು ಪತಿ ಹಝ್ರತ್ ಅಲಿ(ರ). ಪತ್ನಿಯ ನೊಂದ ಕೈಗಳನ್ನು ಅವರು ಕಂಡಿದ್ದರು, ಮರೆಯಲಿಲ್ಲ. ನಮ್ಮ ಮನೆಯ ಕೈಗಳನ್ನು ನಾವು ಕೊನೆಯ ಸಲ ನೋಡಿದ್ದು ಯಾವಾಗ?

ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡು ಮಲಗಿದ ಮೇಲೆ ತಾಯಿಯೊಬ್ಬಳೇ ಪಾತ್ರೆ ತೊಳೆದು, ಅಡುಗೆಮನೆ ಒರೆಸಿ, ನಡುರಾತ್ರಿಯ ಹೊತ್ತಿಗೆ ಬಳಲಿ ಇಶಾಗೆ ನಿಲ್ಲುತ್ತಾಳೆ. ನಾವು ಜಮಾಅತ್‌ನಲ್ಲಿ ಮುಗಿಸಿ ಬಂದಿರುತ್ತೇವೆ. ಆಕೆಯ ನಮಾಝಿನ ಏಕಾಗ್ರತೆಯನ್ನು ಕಸಿದದ್ದು ನಾವು ಎತ್ತದೆ ಬಿಟ್ಟ ತಟ್ಟೆಗಳು. ಇದರ ಮೇಲೆ, ಮನೆ ಯಾಕೆ ಹೀಗಿದೆ ಎಂದು ಬಾಗಿಲಲ್ಲೇ ಗದರುವವರೂ ಇದ್ದಾರೆ.

ಮಕ್ಕಳ ವಿಷಯದಲ್ಲೂ ನ್ಯಾಯ ಪಾಲಿಸಿ. ಮಗಳ ಕೈಗೆ ಪೊರಕೆ, ಮಗನ ಕೈಗೆ ಮೊಬೈಲ್ ಕೊಟ್ಟು ಬೆಳೆಸಿದರೆ ನಾಳೆ ಆ ಮಗ ಇನ್ನೊಬ್ಬರ ಮಗಳಿಗೆ ಹೊರೆಯಾಗುತ್ತಾನೆ. ತಾಯಂದಿರೇ, ಇದನ್ನು ಓದುತ್ತಿರುವ ನಿಮಗೂ ಹೇಳುತ್ತೇನೆ, ಮಗ ಗುಡಿಸಲು ಬಂದರೆ ಸರಿಯಾಗಲಿಲ್ಲವೆಂದು ಪೊರಕೆ ಕಿತ್ತುಕೊಳ್ಳಬೇಡಿ. ಮಾಡಿ ಮಾಡಿ ಕಲಿಯಲಿ.

ಅತಿಯೂ ಬೇಡ. ಶುಚಿತ್ವದ ಹೆಸರಿನಲ್ಲಿ ವಸ್‌ವಾಸ್‌ಗೆ ಬಿದ್ದು ಗಂಟೆಗಟ್ಟಲೆ ನಲ್ಲಿ ಬಿಡುವುದು, ಅತಿಥಿಯ ಮಗು ಬಿಸ್ಕೆಟ್ ಚೆಲ್ಲಿದರೆ ಮುಖ ಗಂಟಿಕ್ಕುವುದು ಸುನ್ನತ್ ಅಲ್ಲ. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗಿಂತ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು.

ಮಸ್ಜಿದುನ್ನಬವಿಯನ್ನು ಗುಡಿಸುತ್ತಿದ್ದ ಒಬ್ಬ ಮಹಿಳೆ ಇದ್ದರು. ಅವರು ತೀರಿಕೊಂಡಾಗ ಸಹಾಬಿಗಳು ಅದನ್ನು ದೊಡ್ಡ ವಿಷಯವೆಂದು ಭಾವಿಸದೆ ಪ್ರವಾದಿ(ಸ)ರಿಗೆ ತಿಳಿಸಲಿಲ್ಲ. ಪ್ರವಾದಿ(ಸ) ತಾವಾಗಿ ವಿಚಾರಿಸಿ, ಆ ಕಬ್ರ್ ಎಲ್ಲಿದೆಯೆಂದು ಕೇಳಿಕೊಂಡು ಹೋಗಿ ನಮಾಝ್ ನಿರ್ವಹಿಸಿದರು. ಗುಡಿಸುವ ಕೈಯನ್ನು ಅವರು ಗೌರವಿಸಿದ ರೀತಿ ಅದು.

ಸಹೋದರರೇ, ಇಂದು ಜುಮಾ ಮುಗಿಸಿ ಮನೆಗೆ ಹೋಗುತ್ತೀರಿ. ಶುಕ್ರವಾರದ ಊಟ, ಪಾತ್ರೆಗಳೂ ಹೆಚ್ಚು. ಉಂಡ ಮೇಲೆ ನಿಮ್ಮ ತಟ್ಟೆಯನ್ನು ನೀವೇ ತೊಳೆಯಿರಿ, ಸುಫ್ರಾ ಒರೆಸಿ ಮಡಚಿರಿ. ನಾಳೆಯೂ ಅದನ್ನೇ ಮಾಡಿರಿ.

ಯಾ ಅಲ್ಲಾಹ್, ನಮ್ಮ ಹೃದಯಗಳನ್ನೂ ಮನೆಗಳನ್ನೂ ಶುದ್ಧಗೊಳಿಸು. ನಮಗಾಗಿ ದಣಿಯುವ ತಾಯಂದಿರಿಗೆ, ಪತ್ನಿಯರಿಗೆ ಆರೋಗ್ಯವನ್ನೂ ಪ್ರತಿಫಲವನ್ನೂ ನೀಡು. ಅವರ ಹೊರೆಯನ್ನು ಹಂಚಿಕೊಳ್ಳುವ ತೌಫೀಕ್ ನಮಗೆ ಕೊಡು. ಆಮೀನ್.